ಹಾದಿಬದಿಯ ಊರೊಂದರ ಚರಿತ್ರೆ

ಊರೊಂದರ ಚರಿತ್ರೆಯನ್ನು ಹೇಳಹೊರಟರೆ ಅರಸನನ್ನೋ ಕೋಟೆಯನ್ನೋ ಹುಡುಕುವುದು ನಮ್ಮ ರೂಢಿ. ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವವರಿಗೆ ಸಿಕ್ಕುವ ಕೌದಳ್ಳಿಯನ್ನು ಕುರಿತು ಈ ಭಾಷಣವನ್ನು ಸಿದ್ಧಪಡಿಸುವಾಗ ನಾನೂ ಮೊದಲು ಅದನ್ನೇ ಮಾಡಿದೆ. ಆಮೇಲೆ ತಿಳಿಯಿತು: ಈ ಊರಿನ ಚರಿತ್ರೆಯೆಂದರೆ ಅದರ ನಡುವೆ ಹಾದುಹೋಗುವ ಹಾದಿಯೇ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಪಿರನೀಸ್ ಪರ್ವತದ ಮಡಿಲಲ್ಲಿ, ಮೊಂತಾಯು ಎಂಬ ಪುಟ್ಟ ಹಳ್ಳಿಯಿದೆ. 1318ರಿಂದ 1325ರವರೆಗೆ ಜಾಕ್ ಫೂರ್ನಿಯೆ ಎಂಬ ಬಿಷಪ್ಪನು ಅಲ್ಲಿನವರನ್ನು ಧರ್ಮದ್ರೋಹದ ಶಂಕೆಯಿಂದ ವಿಚಾರಣೆಗೆ ಗುರಿಪಡಿಸಿ, ಅವರ ಹೇಳಿಕೆಗಳನ್ನು ಬರೆಯಿಸಿದನು. ಆ ದಫ್ತರವನ್ನೇ ಆಧರಿಸಿ ಲ ರ್ವಾ ಲಾದುರಿ ಎಂಬ ಇತಿಹಾಸಕಾರರು 1975ರಲ್ಲಿ ಹಳ್ಳಿಯ ಚರಿತ್ರೆಯನ್ನು ಬರೆದರು. ಕುರಿಗಾಹಿಗಳ ವಲಸೆ, ಮನೆಮಾತು, ಮರಣಭಯ ಎಲ್ಲವೂ ಅದರಲ್ಲಿವೆ. ದಂಡಿಸಬಂದವನ ಕಡತವೇ ದಂಡನೆಗೊಳಗಾದವರ ಬದುಕನ್ನು ಉಳಿಸಿಕೊಟ್ಟಿತು!

ನಮ್ಮ ಕೌದಳ್ಳಿಯೂ ಹೊರಗಿನವರ ಲೇಖನಿಗೆ ಸಿಕ್ಕಿದ್ದು ಇಂಥದೇ ಸಂದರ್ಭದಲ್ಲಿ. 1799ರಲ್ಲಿ ಟಿಪ್ಪುವಿನ ಪತನವಾಗಿ ಕೊಳ್ಳೇಗಾಲದ ಸೀಮೆ ಕಂಪನಿಯ ವಶವಾಯಿತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿಯೇ ಕಾವೇರಿಪುರದ ಘಟ್ಟವನ್ನಿಳಿದನು. ನೆಲ, ಬೆಳೆ, ಕಸುಬು, ಜಾತಿ ಇವೆಲ್ಲವನ್ನೂ ಲೆಕ್ಕಹಾಕುವುದು ಅವನ ಕೆಲಸ. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹೊಸ ಒಡೆಯನಿಗೆ ಬೇಕಾದದ್ದು ಆಸ್ತಿಯ ಪಟ್ಟಿ. ನಮಗೆ ಇಂದು ಅದು ಹಳ್ಳಿಗಳ ನೆನಪಿನ ಪುಸ್ತಕ.

ಆ ಬಳಿಕ ಈ ಸೀಮೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಆಡುವ ಮಾತು ಕನ್ನಡ. ಜಿಲ್ಲೆಯ ಕಚೇರಿ ಘಟ್ಟದ ಕೆಳಗೆ! 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಾಗ ಕಾವೇರಿಯ ಕಣಿವೆಯ ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಊರು ಇದ್ದಲ್ಲಿಯೇ ಇತ್ತು. ಗಡಿ ಮಾತ್ರ ಅದರ ಸುತ್ತ ನಡೆದಾಡಿತು.

ಈ ಬದಲಾವಣೆಗಳಾವುವನ್ನೂ ಲೆಕ್ಕಿಸದೆ ನಡೆದವರೆಂದರೆ ಮಾದಪ್ಪನ ಒಕ್ಕಲು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕಾಲ್ನಡಿಗೆಯವರು ಇಲ್ಲಿ ದಣಿವಾರಿಸಿಕೊಂಡು ತಾಳಬೆಟ್ಟದತ್ತ ಸಾಗುತ್ತಾರೆ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಕಾವ್ಯದಲ್ಲಿ ಆಲಂಬಾಡಿಯ ಜುಂಜೇಗೌಡನಿದ್ದಾನೆ, ಸೋಲಿಗರ ಸಂಕಮ್ಮನಿದ್ದಾಳೆ. ಆ ಆಲಂಬಾಡಿ ದನದ ತಳಿಯೊಂದಕ್ಕೂ ಹೆಸರಿತ್ತ ಊರು. ಯಾವ ಸರ್ಕಾರವೂ ಬರೆಸದ ದಫ್ತರವಿದು.

ಇನ್ನೊಂದು ದಫ್ತರವೂ ಇದೆ. ವೀರಪ್ಪನ್ ಹಾವಳಿಯ ಕಾಲದಲ್ಲಿ, 1992ರ ಮೇ ತಿಂಗಳಲ್ಲಿ, ನೆರೆಯ ರಾಮಾಪುರದ ಪೊಲೀಸ್ ಠಾಣೆಯಲ್ಲಿ ಐವರು ಪೊಲೀಸರು ಹತರಾದರು. ಅದೇ ಆಗಸ್ಟ್‌ನಲ್ಲಿ ಮೀಣ್ಯದ ಬಳಿ ಹರಿಕೃಷ್ಣ, ಶಕೀಲ್ ಅಹಮದ್ ಎಂಬ ಅಧಿಕಾರಿಗಳು ಬಲಿಯಾದರು. ಕಾಡಿನ ಬಂದೂಕು ಒಂದೆಡೆ, ಠಾಣೆಯ ಅನುಮಾನ ಒಂದೆಡೆ. ನಡುವೆ ಸಿಕ್ಕವರು ಹಳ್ಳಿಗರು. ಟಾಡಾ ಕಾನೂನಿನಡಿ ವರ್ಷಗಟ್ಟಲೆ ಸೆರೆಯಲ್ಲಿದ್ದವರಲ್ಲಿ ಬಹುಮಂದಿ 2001ರಲ್ಲಿ ಮೈಸೂರಿನ ನ್ಯಾಯಾಲಯದಿಂದ ಬಿಡುಗಡೆಗೊಂಡರು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತನು. ಆದರೂ ಈ ಸೀಮೆಯ ಹೆಸರೆತ್ತಿದರೆ ಹೊರಗಿನವರಿಗೆ ಮೊದಲು ನೆನಪಾಗುವವನು ಅವನೇ.

ಇದು ನ್ಯಾಯವಲ್ಲ. ಮುಂದೊಂದು ದಿನ ಯಾರಾದರೂ ಕೌದಳ್ಳಿಯ ಚರಿತ್ರೆ ಬರೆಯಹೊರಟರೆ, ಅವರ ಕೈಗೆ ಕಂದಾಯದ ಲೆಕ್ಕ, ಪೊಲೀಸರ ಕಡತ ಇವೆರಡೇ ಸಿಕ್ಕುವಂತಾಗಬಾರದು. ಎತ್ತಿನ ಗಾಡಿಯ ಕಾಲವನ್ನು ಕಂಡ ಹಿರಿಯರು, ಬೆಟ್ಟಕ್ಕೆ ನಡೆದ ತಾಯಂದಿರು, ಸೆರೆಯಿಂದ ಮರಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮುಂದೆ ಕುಳಿತು ಕೇಳಿ ಬರೆದುಕೊಳ್ಳಬೇಕು. ಮೊಂತಾಯುವಿನ ಜನರಿಂದ ಮಾತು ಹೊರಡಿಸಲು ಒಂದು ಶಂಕೆ ಬೇಕಾಯಿತು. ನಮಗೆ ಪ್ರೀತಿಯೊಂದೇ ಸಾಕಾಗಲಿ.