ಉಕ್ಕಿನ ರೈಲು, ಹಳಿ ತಪ್ಪಿದ ಕಥೆ

1990ರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿ ಮಾತನಾಡುತ್ತಾ ಬರುತ್ತಿದ್ದ ಮೋಗ್ಲಿಯನ್ನು ನಿಮ್ಮ ತಂದೆ ತಾಯಿಯರು ಮರೆತಿರಲಾರರು. ಕಿಪ್ಲಿಂಗ್ ಬರೆದ ಕಾಡಿನ ಕಥೆಯನ್ನು ಆಧರಿಸಿದ ಆ ಧಾರಾವಾಹಿ ತಯಾರಾದದ್ದು ಜಪಾನಿನಲ್ಲಿ. ಚಿತ್ರಗಳ ಚಲನೆ ಅಷ್ಟೇನೂ ನಯವಾಗಿರಲಿಲ್ಲ. ಆದರೂ ಮುಂದಿನ ವಾರ ಏನಾಗುವುದೋ ಎಂದು ಮಕ್ಕಳು ಕಾಯುತ್ತಿದ್ದರು. ಈಚಿನ ವರ್ಷಗಳಲ್ಲಿ ಅದೇ ದೇಶದಿಂದ ಬಂದ ಕೆಲವು ಸಾಹಸ ಧಾರಾವಾಹಿಗಳಲ್ಲಿ ಇದು ತಿರುಗುಮುರುಗಾಗಿದೆ. ಕಣ್ಣು ತಣಿಯುತ್ತದೆ, ಮನಸ್ಸು ತಣಿಯುವುದಿಲ್ಲ. ಹೀಗೇಕಾಯಿತೆಂದು ತಿಳಿಯಲು 1963ಕ್ಕೆ ಹೋಗಬೇಕು.

ಆ ವರ್ಷದ ಜನವರಿ 1ರಂದು ಫ್ಯೂಜಿ ಟೆಲಿವಿಷನ್ನಿನಲ್ಲಿ 'ಆಸ್ಟ್ರೋ ಬಾಯ್' ಎಂಬ ಧಾರಾವಾಹಿ ಆರಂಭವಾಯಿತು. ಅದನ್ನು ತಯಾರಿಸಿದವರು ಹೆಸರಾಂತ ಚಿತ್ರಕಥೆಗಾರ ಒಸಾಮು ತೆಜುಕಾ. ವಾರಕ್ಕೊಂದು ಕಂತು ಕೊಡಬೇಕು. ಅದು ಎಂಥ ಸಾಹಸವೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಇಪ್ಪತ್ತು ನಿಮಿಷಕ್ಕೆ 28,800. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರೂ 9,600 ಚಿತ್ರಗಳು ಬೇಕು. ವಾರದೊಳಗೆ ಅಷ್ಟನ್ನು ಬರೆಯುವ ಕೈಗಳಾಗಲಿ ಹಣವಾಗಲಿ ತೆಜುಕಾ ಅವರ ಬಳಿ ಇರಲಿಲ್ಲ. ಆದ್ದರಿಂದ ದೇಹವನ್ನು ನಿಲ್ಲಿಸಿ ತುಟಿಯನ್ನು ಮಾತ್ರ ಆಡಿಸಿದರು. ಹಾರುವ, ಓಡುವ ದೃಶ್ಯಗಳನ್ನು ಕಾಪಿಟ್ಟು ಮತ್ತೆ ಮತ್ತೆ ಬಳಸಿದರು.

ಇಂಥ ಬಡ ಚಲನೆಯನ್ನು ಜನ ಸಹಿಸಿಕೊಂಡದ್ದೇಕೆ? ಕಥೆ ಹಿಡಿದು ನಿಲ್ಲಿಸಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಮಗನ ರೂಪದ್ದೇ ಯಂತ್ರಮಾನವನನ್ನು ಮಾಡುತ್ತಾನೆ. ಅದು ಬೆಳೆಯುವುದಿಲ್ಲವೆಂದು ತಿಳಿದಾಗ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಆ ಹುಡುಗನ ಮುಂದಿನ ಗತಿಯೇನು ಎಂಬ ಕಳವಳಕ್ಕೆ ನಯವಾದ ಚಲನೆಯ ಹಂಗಿಲ್ಲ.

ಆದರೆ ತೆಜುಕಾ ತಮ್ಮ ಕಂತುಗಳನ್ನು ತಗಲುವ ಖರ್ಚಿಗಿಂತಲೂ ಕಡಿಮೆ ಬೆಲೆಗೆ ಒಪ್ಪಿಕೊಂಡಿದ್ದರು. ಕೊರತೆಯನ್ನು ಆಟಿಕೆ, ಮಿಠಾಯಿಗಳ ಮೇಲೆ ಬಾಲಕನ ಚಿತ್ರ ಅಚ್ಚು ಹಾಕಿಸಿ ತುಂಬಿಕೊಳ್ಳುವ ಎಣಿಕೆ. ಧಾರಾವಾಹಿ 1966ರವರೆಗೆ 193 ಕಂತು ನಡೆಯಿತು. ಅವರ ಮುಷಿ ಪ್ರೊಡಕ್ಷನ್ ಸಂಸ್ಥೆ 1973ರಲ್ಲಿ ದಿವಾಳಿಯಾಯಿತು. ಆ ಅಗ್ಗದ ವ್ಯವಹಾರದ ನೆರಳು ಇಂದಿಗೂ ಅಳಿದಿಲ್ಲ. ನಡುವಣ ಚಿತ್ರಗಳನ್ನು ಬರೆಯುವ ಎಳೆಯ ಕಲಾವಿದರಿಗೆ ಚಿತ್ರವೊಂದಕ್ಕೆ ಇಷ್ಟೆಂದು ಕೂಲಿ ಕೊಡುವ ಪದ್ಧತಿ ಇನ್ನೂ ಉಂಟು. ಪರದೆಯ ಮೇಲಿನ ವೈಭವವನ್ನು ನೋಡುವಾಗ ಇದು ನೆನಪಿರಲಿ.

ಬಡತನದಿಂದಲೇ ಒಂದು ಕಲೆಯೂ ಹುಟ್ಟಿತೆನ್ನಬೇಕು. 1970ರ ದಶಕದಲ್ಲಿ ಯೊಶಿನೊರಿ ಕನಾದಾ ಎಂಬ ಕಲಾವಿದರು, ಚಿತ್ರಗಳು ಕಡಿಮೆಯಿದ್ದರೇನಂತೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಛಂಗನೆ ನೆಗೆಯುವ ವೇಗವನ್ನೇ ಸೊಗಸಾಗಿಸಿದರು. 1982ರ 'ಮ್ಯಾಕ್ರಾಸ್'ನಲ್ಲಿ ಇಚಿರೊ ಇತಾನೊ ಅವರು ಹೊಗೆಯ ಬಾಲ ಬಿಡುತ್ತಾ ಸುಳಿಯುವ ಕ್ಷಿಪಣಿಗಳ ಗುಂಪನ್ನು, ಅವುಗಳ ಬೆನ್ನು ಹತ್ತಿದ ಕ್ಯಾಮರಾದ ಕಣ್ಣಿನಿಂದ ತೋರಿಸಿದರು. ಅದೇ ಧಾರಾವಾಹಿಯ ಪಾತ್ರಗಳಿಗೆ ಮುಖ ಕೊಟ್ಟವರು ಹರುಹಿಕೊ ಮಿಕಿಮೊತೊ. ಈ ಹೆಸರನ್ನು ನೆನಪಿಡಿ. ಹೊಡೆದಾಟದ ಒಂದು ತುಣುಕನ್ನು ನೋಡಿ, ಇದು ಇಂಥವರ ಕೈ ಎಂದು ಗುರುತಿಸಬಲ್ಲ ಅಭಿಮಾನಿಗಳು ಬೆಳೆದರು. ಕಥೆಯನ್ನು ಬಿಟ್ಟು ಚಲನೆಯನ್ನೇ ಸವಿಯುವ ಅಭ್ಯಾಸ ಬೇರೂರಿದ್ದು ಹೀಗೆ.

2013ರಲ್ಲಿ ವಿಟ್ ಸ್ಟುಡಿಯೊ ತಯಾರಿಸಿದ, ತೆತ್ಸುರೊ ಅರಾಕಿ ನಿರ್ದೇಶಿಸಿದ 'ಅಟ್ಯಾಕ್ ಆನ್ ಟೈಟನ್' ಲೋಕದಾದ್ಯಂತ ಹೆಸರು ಮಾಡಿತು. ಅದರ ಕಥೆ ಹಜಿಮೆ ಇಸಾಯಾಮಾ ಅವರ ಚಿತ್ರಕಥೆಯಲ್ಲಿ 2009ರಿಂದಲೇ ಬರುತ್ತಿತ್ತು. ಅಡಿಪಾಯ ಸಿದ್ಧವಿತ್ತು. 2016ರಲ್ಲಿ ಅದೇ ನಿರ್ದೇಶಕರು, ಅದೇ ಸ್ಟುಡಿಯೊ, ಯಾವ ಪುಸ್ತಕದ ಆಸರೆಯೂ ಇಲ್ಲದೆ, ಹೊಸದಾಗಿ ಹೆಣೆದ ಕಥೆಯೊಂದನ್ನು 12 ಕಂತುಗಳಲ್ಲಿ ಹೇಳಹೊರಟರು. ಹೆಸರು 'ಉಕ್ಕಿನ ಕೋಟೆಯ ಕಬನೇರಿ'. ಪ್ರಸಾರವಾದದ್ದು ಆಸ್ಟ್ರೋ ಬಾಯ್ ಬಂದಿದ್ದ ಫ್ಯೂಜಿ ಟೆಲಿವಿಷನ್ನಿನಲ್ಲೇ.

ಅದರ ಮೊದಲ ಕಂತು ನಿಜಕ್ಕೂ ಬೆರಗು ಹುಟ್ಟಿಸುವಂಥದು. ಉಗಿಯಂತ್ರಗಳ ಕಾಲದ ಒಂದು ಕಲ್ಪಿತ ಜಪಾನ್. ಕಬನೆ ಎಂಬ ಜೀವಚ್ಛವಗಳು ಕಚ್ಚಿದವರೆಲ್ಲ ಕಬನೆಗಳಾಗುತ್ತಾರೆ. ಅವುಗಳ ಎದೆಗುಂಡಿಗೆಗೆ ಕಬ್ಬಿಣದ ಪೊರೆ. ಜನ ಕೋಟೆ ಕಟ್ಟಿದ ನಿಲ್ದಾಣಗಳಲ್ಲಿ ಅಡಗಿದ್ದಾರೆ; ನಿಲ್ದಾಣಗಳ ನಡುವೆ ಕವಚ ತೊಟ್ಟ ರೈಲುಗಳು ಮಾತ್ರ ಓಡುತ್ತವೆ. ಉಗಿಯಂತ್ರ ರಿಪೇರಿ ಮಾಡುವ ಇಕೊಮಾ ಎಂಬ ಯುವಕ ಆ ಪೊರೆಯನ್ನು ಭೇದಿಸುವ ಬಂದೂಕನ್ನು ಗುಟ್ಟಾಗಿ ಮಾಡಿಕೊಂಡಿದ್ದಾನೆ. ಕಚ್ಚಿಸಿಕೊಂಡಾಗ ತನ್ನ ಕತ್ತನ್ನೇ ಕಬ್ಬಿಣದಿಂದ ಬಿಗಿದು ರೋಗ ಮಿದುಳಿಗೇರದಂತೆ ತಡೆಯುತ್ತಾನೆ. ಅರ್ಧ ಮನುಷ್ಯ, ಅರ್ಧ ಕಬನೆಯಾಗಿ ಉಳಿಯುತ್ತಾನೆ. ಅವನ ಜನರೇ ಅವನತ್ತ ಬಂದೂಕು ತಿರುಗಿಸುತ್ತಾರೆ.

ಪಾತ್ರಗಳ ರೂಪ ಮಿಕಿಮೊತೊ ಅವರದು. ಅವರ ಕೈಯಿಂದಲೇ ಬಣ್ಣ ಹಾಕಿದಂತೆ ಕಾಣಲೆಂದು, ಹತ್ತಿರದಿಂದ ತೋರಿಸುವ ಮುಖಗಳಿಗೆ ಕೆನ್ನೆಯ ಕೆಂಪು, ಕೂದಲಿನ ಹೊಳಪು ತೀಡುವುದಕ್ಕೇ ಪ್ರತ್ಯೇಕ ಕಲಾವಿದರಿದ್ದರು. ಮುಮೇ ಎಂಬ ಹುಡುಗಿ ಓಡುವ ಬೋಗಿಗಳ ನಡುವೆ ಕಾದಾಡುವ ದೃಶ್ಯಗಳಲ್ಲಿ ಚಲನೆ ಮತ್ತು ಬಣ್ಣ ಎರಡೂ ಪೈಪೋಟಿಗೆ ಬಿದ್ದಂತಿವೆ.

ಇನ್ನು ಕಥೆ. ಒಂದೇ ರೈಲಿನಲ್ಲಿ ಯೋಧರು, ಕಮ್ಮಾರರು, ತಾಯಂದಿರು, ಮಕ್ಕಳು. ಹೊರಗೆ ಕಬನೆಗಳು, ಒಳಗೆ ಅರೆಕಬನೆ. ಅವನನ್ನು ನಂಬಬೇಕೋ ಬಿಡಬೇಕೋ? ಈ ಒಂದು ಪ್ರಶ್ನೆಯೇ ಸಾಕಿತ್ತು. ಆದರೆ ಸುಮಾರು ನಡುವಿನಲ್ಲಿ ಬಿಬಾ ಎಂಬ ಶೋಗನ್ ಪುತ್ರ ಬರುತ್ತಾನೆ. ಅವನಿಗೆ ತಂದೆಯ ಮೇಲೆ ಹಗೆ. ಕಬನೆಗಳು ಅವನ ಕೈಯ ಆಯುಧವಾಗುತ್ತವೆ, ಭಯವಾಗಿ ಉಳಿಯುವುದಿಲ್ಲ. ಪ್ರಯಾಣಿಕರು ಹಿನ್ನೆಲೆಗೆ ಸರಿಯುತ್ತಾರೆ. ಆ ಹಗೆ ನಮ್ಮದೂ ಆಗುವಷ್ಟು ಸಮಯ ಉಳಿದ ಕಂತುಗಳಲ್ಲಿ ಸಿಗುವುದೇ ಇಲ್ಲ. ಕೊನೆಯ ಕಾಳಗ ಕಣ್ಣು ಕೋರೈಸುತ್ತದೆ. ಯಾರಿಗಾಗಿ ಮರುಗಬೇಕೆಂದು ಮಾತ್ರ ತಿಳಿಯುವುದಿಲ್ಲ.

ಬರೆದವರು ಅಸಮರ್ಥರೆನ್ನುವಂತಿಲ್ಲ. ಈ ಧಾರಾವಾಹಿಯ ಕಥೆ ಹೆಣೆದ ಇಚಿರೊ ಒಕೋಚಿ ಅವರೇ 2006ರಲ್ಲಿ ಆರಂಭವಾದ 'ಕೋಡ್ ಗೀಯಸ್'ನ ಕಥೆಯನ್ನೂ ಕಟ್ಟಿದವರು. ಅಲ್ಲಿಯೂ ಒಬ್ಬ ರಾಜಕುಮಾರ, ಅಲ್ಲಿಯೂ ತಂದೆಯ ಮೇಲೆ ಹಗೆ. ಆದರೆ ಅದಕ್ಕೆ 50 ಕಂತುಗಳ ಅವಕಾಶವಿತ್ತು, ಹಗೆ ಹೊತ್ತವನೇ ನಾಯಕನಾಗಿದ್ದ, ಮೊದಲ ಕಂತಿನಿಂದಲೇ ನಮ್ಮ ಜತೆಗಿದ್ದ. ಮುಖವೊಂದಕ್ಕೆ ಬಣ್ಣ ತೀಡಲು ಕೊಟ್ಟ ವ್ಯವಧಾನವನ್ನು ಕಬನೇರಿಯಲ್ಲಿ ಬಿಬಾನಿಗೆ ಯಾರೂ ಕೊಡಲಿಲ್ಲವೆಂಬುದೇ ನನ್ನ ಆಕ್ಷೇಪಣೆ.

2019ರಲ್ಲಿ 'ಉನಾತೊ ಕದನ' ಎಂಬ ಹೆಸರಿನಲ್ಲಿ ಇದರ ಮುಂದಿನ ಭಾಗ ಚಲನಚಿತ್ರವಾಗಿ ಬಂದಿತು. ಒಂದು ಕೋಟೆ, ಅದರೊಳಗೆ ಕಬನೆಗಳು, ಅದನ್ನು ಮರಳಿ ಗೆಲ್ಲಲು ಅದೇ ರೈಲಿನಲ್ಲಿ ಬಂದ ಅದೇ ಜನ. ಕಥೆ ಮತ್ತೆ ರೈಲು ಹತ್ತಿತ್ತು.