ಹೊಗೆಕೊಳವೆಗೊಂದು ಲೇಪ

ವಿಮಾನದ ಚರಿತ್ರೆಯನ್ನು ಬರೆದವರು ರೆಕ್ಕೆಯನ್ನು ಕುರಿತೇ ಹೆಚ್ಚು ಬರೆದಿದ್ದಾರೆ. ಎಂಜಿನು ಉಗುಳುವ ಉರಿಯನ್ನು ಏನು ಮಾಡಬೇಕೆಂಬ ತೊಡಕೂ ರೆಕ್ಕೆಯಷ್ಟೇ ಹಳೆಯದು.

1903ರಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿದ್ದ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಅವರಿಗೊಂದು ಎಂಜಿನು ಕಟ್ಟಿಕೊಟ್ಟನು. ನಾವು ಸ್ಕೂಟರಿನಲ್ಲಿ ‘ಸೈಲೆನ್ಸರ್’ ಎನ್ನುತ್ತೇವಲ್ಲ, ಅಂತಹ ಕೊಳವೆಯೇ ಅದಕ್ಕಿರಲಿಲ್ಲ. ನಾಲ್ಕು ಸಿಲಿಂಡರುಗಳ ಉರಿ ನೇರವಾಗಿ ಗಾಳಿಗೆ ಹೋಗುತ್ತಿತ್ತು. ತಣ್ಣಗಿದ್ದಾಗ ಸುಮಾರು 16 ಅಶ್ವಶಕ್ತಿ ಕೊಡುತ್ತಿದ್ದ ಯಂತ್ರವು ಒಂದೆರಡು ನಿಮಿಷ ಓಡಿ ಕಾದೊಡನೆ 12ಕ್ಕೆ ಇಳಿಯುತ್ತಿತ್ತು. ಆ ದಿನದ ಅತಿ ದೀರ್ಘ ಹಾರಾಟ 59 ಸೆಕೆಂಡು ಮಾತ್ರ. ಅಷ್ಟಕ್ಕೆ ಅದು ಸಾಕಾಯಿತು.

ಗಂಟೆಗಟ್ಟಲೆ ಹಾರುವ ಕಾಲ ಬಂದಾಗ ಕೊಳವೆ ಬೇಕೇಬೇಕಾಯಿತು. ಆದರೆ ಕೆಂಪಗೆ ಕಾದ ಸಾಮಾನ್ಯ ಉಕ್ಕು ಆಮ್ಲಜನಕದೊಡನೆ ಕೂಡಿ ಹಕ್ಕಳೆಯೆದ್ದು ಉದುರುತ್ತದೆ. ನಿಕಲ್, ಕ್ರೋಮಿಯಂ ಬೆರೆತ ಉಕ್ಕು ತಾಳಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆ ಲೋಹಗಳಿಗೇ ಬರ ಬಂದಿತು. ಜರ್ಮನರು ಯೂಂಕರ್ಸ್ ಜೆಟ್ ಎಂಜಿನಿನ ದಹನಕೋಣೆಗಳನ್ನು ಸಾಮಾನ್ಯ ಉಕ್ಕಿನಿಂದಲೇ ಮಾಡಿ ಅಲ್ಯೂಮಿನಿಯಂ ಲೇಪ ಕೊಟ್ಟರು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ವಿಜ್ಞಾನಿಗಳು ಗಾಜಿನ ಪುಡಿಗೆ ಲೋಹದ ಆಕ್ಸೈಡ್ ಬೆರೆಸಿ, ಯುದ್ಧವಿಮಾನಗಳ ಕೊಳವೆಗೆ ಬಳಿದು ಕುಲುಮೆಯಲ್ಲಿ ಸುಟ್ಟರು. ನೀಲಿ ಅಂಚಿನ ಬಿಳಿಯ ಎನಾಮಲ್ ತಟ್ಟೆಯಲ್ಲಿ ಉಂಡವರಿಗೆ ಈ ವಿದ್ಯೆ ಅಪರಿಚಿತವೇನಲ್ಲ.

1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿಯವರು ಸ್ವಂತ ಕೈಯಿಂದ ವಿಮಾನ ಕಟ್ಟುವವರ ಸಂಘವನ್ನು ಸ್ಥಾಪಿಸಿದರು. ಇಂತಹ ಹವ್ಯಾಸಿಗಳಲ್ಲಿ ಹಲವರು ಇಂದು ಕೊಳವೆಗೆ ಸೆರಾಮಿಕ್ ಲೇಪ ಕೊಡಿಸುತ್ತಾರೆ. ಇವರ ಉದ್ದೇಶ ಬೇರೆ: ಲೋಹವನ್ನು ಉಳಿಸುವುದರ ಜೊತೆಗೆ, ಉಷ್ಣವನ್ನು ಕೊಳವೆಯೊಳಗೇ ಹಿಡಿದು, ಮುಚ್ಚಳದಡಿಯ ರಬ್ಬರ್ ನಳಿಗೆ, ತಂತಿ, ಇಂಧನದ ಕೊಳವೆಗಳನ್ನು ಕಾಪಾಡುವುದು. ಆದರೆ ಉಷ್ಣ ಮಾಯವಾಗುವುದಿಲ್ಲವಷ್ಟೆ! ಹೊರಮೈಗೆ ಮಾತ್ರ ಬಳಿದರೆ ಕೊಳವೆಯೇ ಇನ್ನಷ್ಟು ಕಾಯುತ್ತದೆ. ಉಷ್ಣರೋಧಕ ಪಟ್ಟಿ ಸುತ್ತಿದರಂತೂ ಬಿರುಕು ಕಣ್ಣಿಗೇ ಬೀಳದು.

ಅಪಾಯವಿರುವುದು ಅಲ್ಲಿಯೇ. ಅನೇಕ ಪುಟ್ಟ ವಿಮಾನಗಳಲ್ಲಿ ಚಾಲಕನಿಗೆ ಬೆಚ್ಚನೆಯ ಗಾಳಿ ಬರುವುದು ಇದೇ ಕೊಳವೆಯ ಸುತ್ತಲಿನ ಕವಚದಿಂದ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗಬಹುದು. ಚಾಲಕನಿಗೆ ತೂಕಡಿಕೆ ಬರಬಹುದು. ಆದ್ದರಿಂದ ಎಂತಹ ಲೇಪ ಬಳಿದವನೂ ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದು, ಬೆಸುಗೆಯ ಒಂದೊಂದು ಗೆರೆಯನ್ನೂ ನೋಡುತ್ತಾನೆ.