ಗಂಟೆ ಹೊಡೆದಾಗ ಕೈಕೆಲಸ ಬಿಟ್ಟವರು

ಗೊರಗುಂಟೆಪಾಳ್ಯದಲ್ಲಿ ದಿನ ಕಳೆಯುವುದು ಪಾಳಿಯ ಲೆಕ್ಕದಲ್ಲಿ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಯಶವಂತಪುರದ ರೈಲುಗಳು, ತುಸು ಆಚೆಗೆ ಜಾಲಹಳ್ಳಿ. ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಎಚ್‌ಎಂಟಿ ಕೈಗಡಿಯಾರದ ತಯಾರಿಕೆ ಆರಂಭವಾದದ್ದು ಆ ಜಾಲಹಳ್ಳಿಯಲ್ಲೇ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಗಡಿಯಾರ ನೋಡಿ ಓಡುವ ಅಭ್ಯಾಸವಂತೂ ಈ ಭಾಗವನ್ನು ಬಿಟ್ಟಿಲ್ಲ.

ಈ ಅಭ್ಯಾಸದ ಮೂಲ ಕಾರ್ಖಾನೆಯಲ್ಲಿಲ್ಲ, ಮಧ್ಯಯುಗದ ಕ್ರೈಸ್ತ ಮಠಗಳಲ್ಲಿದೆ ಎಂದು ಅಮೆರಿಕದ ಚಿಂತಕ ಲೂಯಿಸ್ ಮಮ್‌ಫೋರ್ಡ್ 1934ರಲ್ಲಿ ವಾದಿಸಿದರು. ಇಂಗ್ಲಿಷಿನ ‘ಕ್ಲಾಕ್’ ಹುಟ್ಟಿದ್ದೂ ಗಂಟೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ. ಕನ್ನಡದಲ್ಲಂತೂ ಹೊಡೆಯುವುದೂ ಗಂಟೆ, ಕಳೆಯುವುದೂ ಗಂಟೆ!

ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದ 73 ಅಧ್ಯಾಯಗಳ ನಿಯಮಾವಳಿಯೇ ಈ ಮಠಗಳ ಆಧಾರ. ಹಗಲಿನಲ್ಲಿ ಏಳು ಬಾರಿ, ರಾತ್ರಿ ಒಂದು ಬಾರಿ ಸಾಮೂಹಿಕ ಪ್ರಾರ್ಥನೆ. ನಡುವೆ ಮೈಮುರಿದು ದುಡಿಮೆ, ಧರ್ಮಗ್ರಂಥದ ಓದು. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿ ಏನಿದ್ದರೂ ಬಿಟ್ಟು ಹೊರಡಬೇಕು. ಪ್ರಾರ್ಥನೆಗೆ ಬೆನೆಡಿಕ್ಟ್ ಇಟ್ಟ ಹೆಸರೇ ‘ದೇವರ ಕೆಲಸ’. ಕಾಯಕದ ನಾಡಿನವರಿಗೆ ಇದು ಕುತೂಹಲ ಹುಟ್ಟಿಸೀತು: ಇಲ್ಲಿ ಕೆಲಸವೇ ಪೂಜೆ, ಅಲ್ಲಿ ಪೂಜೆಯೇ ಕೆಲಸ.

ಹೀಗೆ ಹೊತ್ತು ಮೀಸಲಿಟ್ಟರೆ ಬದುಕಿಗೆ ಗುರಿ ಸಿಕ್ಕುತ್ತದೆಯೇ? ಕ್ರೈಸ್ತರು ಇದಕ್ಕೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ತೋರಿಸುತ್ತಾರೆ. ಕಫೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಗುಣಪಡಿಸಿದ ಯೇಸು ಮರುದಿನ ಬೆಳಕು ಹರಿಯುವ ಮುನ್ನವೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆಂದು ಶಿಷ್ಯರು ಬಂದರೆ, ಆತ ಜನಪ್ರಿಯತೆ ಕಾದಿದ್ದ ಊರಿಗೆ ಹಿಂತಿರುಗುವುದಿಲ್ಲ. ಬೇರೆ ಊರುಗಳಲ್ಲೂ ಸಾರಬೇಕು, ತಾನು ಬಂದದ್ದೇ ಅದಕ್ಕಾಗಿ ಎನ್ನುತ್ತಾನೆ. ಪ್ರಾರ್ಥನೆಯಿಂದ ಎದ್ದವನಿಗೆ ತನ್ನ ದಾರಿ ಯಾವುದೆಂಬ ಅನುಮಾನವಿಲ್ಲ.

ಈ ನಂಬಿಕೆ ಬೆಂಗಳೂರಿನ ಮಣ್ಣಿನಲ್ಲೂ ಪರೀಕ್ಷೆಗೆ ಒಳಗಾಯಿತು. ಗೊರಗುಂಟೆಪಾಳ್ಯದಿಂದ ವರ್ತುಲ ರಸ್ತೆ ಹಿಡಿದು ನಾಯಂಡಹಳ್ಳಿ ತಲುಪಿ, ಮೈಸೂರು ರಸ್ತೆಯಲ್ಲಿ ಮುಂದುವರಿದರೆ ಸಿಗುವುದು ಕೆಂಗೇರಿ. 1955ರಲ್ಲಿ ಅದಿನ್ನೂ ನಗರದ ಹೊರಗಿನ ಊರು. ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸ್, ಭಾರತೀಯ ಸನ್ಯಾಸಿ ಬೆನೆಡಿಕ್ಟ್ ಆಲಪಾಟ್ ಅವರೊಂದಿಗೆ ಆ ವರ್ಷ ಅಲ್ಲಿಗೆ ಬಂದರು, ಒಂದು ಮಠ ಕಟ್ಟಲೆಂದು.

ಗ್ರಿಫಿತ್ಸ್ ಆಕ್ಸ್‌ಫರ್ಡಿನಲ್ಲಿ ಸಾಹಿತಿ ಸಿ.ಎಸ್. ಲೂಯಿಸರ ಶಿಷ್ಯರು. ಪದವಿ ಮುಗಿದ ಮೇಲೆ 1930ರಲ್ಲಿ ಇಬ್ಬರು ಗೆಳೆಯರೊಡನೆ ಹಳ್ಳಿಮನೆ ಸೇರಿ, ಹಸು ಸಾಕಿ ಹಾಲು ಮಾರುತ್ತ, ಯಂತ್ರಯುಗದ ಸೌಕರ್ಯಗಳಿಗೆ ಬೆನ್ನು ತಿರುಗಿಸಿ ಬದುಕಿ ನೋಡಿದವರು. ಅಲ್ಲಿನ ಬೈಬಲ್ ಓದು ಮತ್ತು ಪ್ರಾರ್ಥನೆ ಅವರನ್ನು ಮಠದ ಬಾಗಿಲಿಗೆ ತಂದವು.

ಕೆಂಗೇರಿಯ ಪ್ರಯತ್ನ ಮಾತ್ರ ಫಲಿಸಲಿಲ್ಲ. ಅಲ್ಲಿನ ರೀತಿನೀತಿ ತೀರಾ ಪಾಶ್ಚಾತ್ಯವಾಯಿತೆಂದು ಅವರಿಗೇ ಅನಿಸಿತ್ತು. 1958ರಲ್ಲಿ ಕೇರಳಕ್ಕೆ ಹೋಗಿ ಫ್ರಾನ್ಸಿಸ್ ಮಹ್ಯೂ ಅವರೊಡನೆ ಕುರಿಶುಮಲ ಆಶ್ರಮ ಕಟ್ಟಿದರು. 1968ರಲ್ಲಿ ತಮಿಳುನಾಡಿನ ಕಾವೇರಿ ದಡದ ಶಾಂತಿವನಕ್ಕೆ ಬಂದರು. ಬೆನೆಡಿಕ್ಟೀನರು ಒಂದೇ ಮಠದಲ್ಲಿ ನೆಲೆನಿಲ್ಲುವ ವ್ರತ ತೊಡುವವರು. ಗ್ರಿಫಿತ್ಸ್ ಮಾತ್ರ ಊರಿಂದೂರಿಗೆ ಅಲೆದರು. ಟೀಕಾಕಾರರಿಗೆ ಇದು ಚಂಚಲತೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಅವರು ಬದಲಿಸಿದ್ದು ಉಡುಪನ್ನು, ಊಟವನ್ನು, ಕೂರುವ ಕ್ರಮವನ್ನು. ದಿನದ ಪ್ರಾರ್ಥನೆಯ ಹೊತ್ತನ್ನು ಎಲ್ಲಿಯೂ ಬಿಡಲಿಲ್ಲ. ಶಾಂತಿವನದಲ್ಲಿ ಸೂರ್ಯೋದಯ, ಸೂರ್ಯಾಸ್ತಗಳ ಧ್ಯಾನವೂ ಅದಕ್ಕೆ ಸೇರಿತು. ಅಲ್ಲಿ ಇಪ್ಪತ್ತೈದು ವರ್ಷ ನೆಲೆನಿಂತು 1993ರಲ್ಲಿ ತೀರಿಕೊಂಡರು.

ಕೆಂಗೇರಿ ಬರಿದಾಗಲಿಲ್ಲ. ಸೇಲಂ ಬಳಿಯ ಸಿಲುವೈಗಿರಿಯಲ್ಲಿದ್ದ ಬೆನೆಡಿಕ್ಟೀನರು 1957ರಲ್ಲಿ ಇತ್ತ ಬಂದರು. ಅವರ ಆಶೀರ್ವನಂ ಮಠ ಬೇರೂರಿತು.

ಗ್ರಿಫಿತ್ಸ್ ಎತ್ತಿದ ಪ್ರಶ್ನೆಯೂ ಬೆಂಗಳೂರಿಗೆ ಮರಳಿತು. ಇಲ್ಲಿ 1967ರಲ್ಲಿ ಆರಂಭವಾದ ಕಥೋಲಿಕರ ರಾಷ್ಟ್ರೀಯ ಕೇಂದ್ರದ ನಿರ್ದೇಶಕ ಡಿ.ಎಸ್. ಅಮಲೋರ್‌ಪವದಾಸ್ ಆರಾಧನೆಗೆ ದೇಶೀಯ ರೂಪ ಕೊಡಲು ಮುಂದಾದರು. 1969ರಲ್ಲಿ ವ್ಯಾಟಿಕನ್ ಹನ್ನೆರಡು ಬದಲಾವಣೆಗಳಿಗೆ ಒಪ್ಪಿತು. ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ, ಬಲಿಪೂಜೆಯಲ್ಲಿ ಆರತಿ. ಇದು ಹಿಂದೂ ಧರ್ಮದ ಅನುಕರಣೆಯೆಂದು ಕೆಲವು ಕಥೋಲಿಕರೇ ಸಿಡಿದೆದ್ದರು. ವಿರೋಧದ ನಡುವೆಯೇ ಅಮಲೋರ್‌ಪವದಾಸ್ 1979ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮ ಕಟ್ಟಿ, ಸ್ವಾಮಿ ಅಮಲೋರಾನಂದರಾದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನದ ಪ್ರಾಧ್ಯಾಪಕರೂ ಆಗಿದ್ದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು; ಆಶ್ರಮದ ಮೌನ, ಧ್ಯಾನ ನಿಲ್ಲಲಿಲ್ಲ.